ಕೇಳದಿದ್ದರೂ ಹೇಳಬೇಕಾದ ಮಾತು: ಔಷಧ ವಿತರಣೆಯಲ್ಲಿ ಎಚ್ಚರಿಕೆಯ ಹೊಣೆ

ಏಕಾದಶಿಯಂದು ಉಪವಾಸವಿದ್ದು ಕರಿಘಟ್ಟದ ಮೆಟ್ಟಿಲೇರಿ ಶ್ರೀನಿವಾಸನ ದರ್ಶನಕ್ಕೆ ಹೋಗುವ ಹಿರಿಯರಲ್ಲಿ ಮಧುಮೇಹಿಗಳೂ ಇರುತ್ತಾರೆ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಆಹಾರ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಬೆವರು, ನಡುಕ, ತಲೆಸುತ್ತು. ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಮಾತ್ರೆಯಲ್ಲಿ ದೋಷವಿರುವುದಿಲ್ಲ, ವೈದ್ಯರ ಚೀಟಿಯಲ್ಲಿಯೂ ಇರುವುದಿಲ್ಲ. "ಈ ಮಾತ್ರೆ ತೆಗೆದುಕೊಂಡ ಮೇಲೆ ಊಟ ತಪ್ಪಿಸಬೇಡಿ, ಉಪವಾಸವಿದ್ದರೆ ಮೊದಲೇ ವೈದ್ಯರನ್ನು ಕೇಳಿ" ಎಂಬ ಒಂದು ಮಾತು ಮಾತ್ರ ಔಷಧದಂಗಡಿಯಲ್ಲಿ ಹೇಳದೆ ಉಳಿದಿರುತ್ತದೆ. ಆ ಮಾತನ್ನು ಅಂಗಡಿಯವರ ಸೌಜನ್ಯವೆಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಕಾನೂನು ವಿಧಿಸಿರುವ ಕರ್ತವ್ಯ.

1. ಕಾನೂನಿನ ನೆಲೆ

ದೇಶದ ಔಷಧ ವ್ಯವಸ್ಥೆಯ ಲೋಪಗಳನ್ನು ಪರಿಶೀಲಿಸಲು 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ನೇತೃತ್ವದಲ್ಲಿ ಸಮಿತಿ ರಚಿತವಾಯಿತು. ಅದರ ಹಿನ್ನೆಲೆಯಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮವೂ 1948ರ ಫಾರ್ಮಸಿ ಅಧಿನಿಯಮವೂ ಬಂದವು. ಫಾರ್ಮಸಿ ಅಧಿನಿಯಮದ 42ನೇ ಪ್ರಕರಣದಂತೆ ವೈದ್ಯರ ಚೀಟಿಗೆ ಔಷಧ ವಿತರಿಸುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ ಇದೆ. 1945ರ ಔಷಧ ನಿಯಮಗಳ 65ನೇ ನಿಯಮದಂತೆ ಇಂತಹ ವಿತರಣೆ ಅವರಿಂದ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕದ್ದು.

ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ಫಾರ್ಮಸಿ ವೃತ್ತಿ ವಿನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿವೆ. ಚೀಟಿ ಸ್ವೀಕರಿಸಿದ ಫಾರ್ಮಸಿಸ್ಟ್ ರೋಗಿಯೊಂದಿಗೆ ಅಥವಾ ರೋಗಿಯನ್ನು ನೋಡಿಕೊಳ್ಳುವವರೊಂದಿಗೆ ತಾವೇ ಮಾತು ಆರಂಭಿಸಿ ತಿಳಿವಳಿಕೆ ನೀಡಬೇಕು. ರೋಗಿ ಕೇಳಲಿಲ್ಲವೆಂಬುದು ಹೇಳದಿರಲು ಕಾರಣವಾಗದು. ತಿಳಿವಳಿಕೆ ಬೇಡವೆನ್ನುವ ಸ್ವಾತಂತ್ರ್ಯ ರೋಗಿಗಿದೆ. ಹೇಳದೆ ಬಿಡುವ ಸ್ವಾತಂತ್ರ್ಯ ಫಾರ್ಮಸಿಸ್ಟ್‌ಗೆ ಇಲ್ಲ.

2. ತಿಳಿಸಬೇಕಾದ ಸಂಗತಿಗಳು

ಔಷಧದ ಹೆಸರು ಮತ್ತು ಉದ್ದೇಶ, ಪ್ರಮಾಣ, ಎಷ್ಟು ದಿನ ಸೇವಿಸಬೇಕು, ಸಾಮಾನ್ಯವಾಗಿ ಕಾಣುವ ತೀವ್ರ ಅಡ್ಡಪರಿಣಾಮ, ಬೇರೆ ಔಷಧದೊಡನೆ ಆಗುವ ಪ್ರತಿಕ್ರಿಯೆ, ಒಂದು ಹೊತ್ತು ತಪ್ಪಿದರೆ ಮಾಡಬೇಕಾದುದು, ಶೇಖರಿಸುವ ಬಗೆ ಇವು ಮುಖ್ಯವಾದವು. ಕೆಲವು ನಿದರ್ಶನಗಳನ್ನು ಗಮನಿಸಬಹುದು.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸಬೇಕು; ತಪ್ಪು ತಿಳಿದು ದಿನವೂ ಸೇವಿಸಿದರೆ ಪ್ರಾಣಾಪಾಯವಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ತಾವಾಗಿಯೇ ನೋವಿನ ಮಾತ್ರೆ ತೆಗೆದುಕೊಂಡರೆ ರಕ್ತಸ್ರಾವವಾಗಬಹುದು. ಬಹುಕಾಲ ಸೇವಿಸಿದ ಪ್ರೆಡ್ನಿಸೊಲೋನನ್ನು ಥಟ್ಟನೆ ನಿಲ್ಲಿಸಬಾರದು. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ತೂಕಡಿಕೆ ತರುವುದರಿಂದ, ಕಬ್ಬಿನ ಲೋಡಿನ ಟ್ರ್ಯಾಕ್ಟರ್ ನಡೆಸುವವರಿಗೆ ಅದನ್ನು ಹೇಳಲೇಬೇಕು. ಇದೇ ಔಷಧವು ಫಿನೈಲೆಫ್ರಿನ್ ಜೊತೆ ಸೇರಿದ ನೆಗಡಿ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ನಮೂದಿಸಲು 2023ರ ಡಿಸೆಂಬರ್‌ನಲ್ಲಿ ಭಾರತೀಯ ಔಷಧ ಮಹಾನಿಯಂತ್ರಕರು ಸೂಚಿಸಿದ್ದಾರೆ.

3. ಕತ್ತರಿಸಿದ ಪಟ್ಟಿಯ ಅಪಾಯ

ಅನುಸೂಚಿ ಎಚ್‌ಗೆ ಸೇರಿದ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಎಚ್ಚರಿಕೆ ಲೇಬಲ್ ಮೇಲೆಯೇ ಮುದ್ರಿತವಾಗಿರುತ್ತದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಅನುಸೂಚಿ ಎಚ್1ರ ಔಷಧಗಳ ಮಾರಾಟವನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಆದರೆ ನಾಲ್ಕು ಮಾತ್ರೆಗೆ ಪಟ್ಟಿಯನ್ನು ಕತ್ತರಿಸಿದಾಗ ಹೆಸರು, ಅವಧಿ ಮುಗಿಯುವ ದಿನಾಂಕ, ಎಚ್ಚರಿಕೆ ಇವು ಬಹುಪಾಲು ಅಂಗಡಿಯಲ್ಲಿಯೇ ಉಳಿದ ತುಂಡಿಗೆ ಹೋಗುತ್ತವೆ. ಓದಲು ಬಾರದವರಿಗಂತೂ ಪೂರ್ಣ ಪಟ್ಟಿಯೂ ಮೌನವೇ. ಇಂತಹ ಸಂದರ್ಭದಲ್ಲಿ ಬಾಯಿಮಾತಿನ ಎಚ್ಚರಿಕೆಯೊಂದೇ ರಕ್ಷಣೆ.

4. ಗ್ರಾಮದ ಕಿರಾಣಿ ಅಂಗಡಿ

ಒಂದು ಸಾವಿರಕ್ಕೆ ಮೀರದ ಜನಸಂಖ್ಯೆಯ ಗ್ರಾಮಗಳಲ್ಲಿ ಪ್ಯಾರಸಿಟಮಾಲ್, ನೋವಿನ ಮುಲಾಮಿನಂತಹ ಕೆಲವು ಮನೆಮದ್ದುಗಳನ್ನು ಔಷಧ ಪರವಾನಗಿಯಿಲ್ಲದೆ ಮಾರಲು ಅನುಸೂಚಿ ಕೆ ವಿನಾಯಿತಿ ನೀಡಿದೆ. ಈ ವಿನಾಯಿತಿ ಚೀಟಿಯ ಔಷಧಗಳಿಗೆ ಅನ್ವಯಿಸುವುದಿಲ್ಲ. ಗ್ರಾಮ ಪಂಚಾಯಿತಿ ನೀಡುವ ವ್ಯಾಪಾರ ಪರವಾನಗಿಯು ಔಷಧ ಪರವಾನಗಿಗೆ ಬದಲಿಯಲ್ಲವೆಂಬುದನ್ನು ನಾವು ಮೊದಲು ಮನಗಾಣಬೇಕು.

5. ಎಚ್ಚರಿಕೆ ತಪ್ಪಿದಲ್ಲಿ

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೇ ಪ್ರಕರಣದಂತೆ, ತಯಾರಕರು ನೀಡಿದ ಎಚ್ಚರಿಕೆಯನ್ನು ಮಾರಾಟಗಾರರು ಗ್ರಾಹಕರಿಗೆ ತಲುಪಿಸದೆ, ಅದೇ ಹಾನಿಗೆ ನೇರ ಕಾರಣವಾದರೆ ಪರಿಹಾರದ ಹೊಣೆ ಮಾರಾಟಗಾರರ ಮೇಲೆ ಬರುತ್ತದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ನೀಡಲು ಚೀಟಿ, ಬಿಲ್ಲು ಹಾಗೂ ಉಳಿದ ಮಾತ್ರೆಗಳನ್ನು ಕಾಪಾಡಿಕೊಳ್ಳುವುದು ಅಗತ್ಯ. ಗ್ರಾಹಕ ಸಹಾಯವಾಣಿ 1915. ಔಷಧದ ಅಡ್ಡಪರಿಣಾಮವನ್ನು 1800-180-3024 ಸಂಖ್ಯೆಗೆ ಯಾರು ಬೇಕಾದರೂ ವರದಿ ಮಾಡಬಹುದು.

6. ಗ್ರಾಮ ಪಂಚಾಯಿತಿಯ ಪಾತ್ರ

ಔಷಧದಂಗಡಿಯನ್ನು ತಪಾಸಣೆ ಮಾಡುವ ಅಧಿಕಾರ ಔಷಧ ನಿಯಂತ್ರಣ ಅಧಿಕಾರಿಗಳದು. ಜನರನ್ನು ಎಚ್ಚರಿಸುವ ಕೆಲಸ ನಮ್ಮದು. ಆದ್ದರಿಂದ ಗ್ರಾಮಸಭೆಯಲ್ಲಿಯೂ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿಯೂ ಈ ವಿಷಯವನ್ನು ಚರ್ಚಿಸಿ, ಔಷಧ ಕೊಳ್ಳುವಾಗ ಕೇಳಬೇಕಾದ ಐದು ಪ್ರಶ್ನೆಗಳನ್ನು ಸೂಚನಾ ಫಲಕದಲ್ಲಿ ಬರೆಯಿಸುವುದು ಸೂಕ್ತ:

ಅ) ಈ ಔಷಧ ಯಾವುದಕ್ಕೆ?
ಆ) ಯಾವಾಗ, ಎಷ್ಟು, ಎಷ್ಟು ದಿನ?
ಇ) ನಾನು ಈಗಾಗಲೇ ಸೇವಿಸುತ್ತಿರುವ ಔಷಧದೊಡನೆ ಹೊಂದುತ್ತದೆಯೇ?
ಈ) ಯಾವ ಲಕ್ಷಣ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು?
ಉ) ಉಪವಾಸ, ಮದ್ಯಪಾನ, ವಾಹನ ಚಾಲನೆ, ಗರ್ಭಾವಸ್ಥೆಯಲ್ಲಿ ಅಪಾಯವುಂಟೇ?

ಕೇಳುವುದು ಗ್ರಾಹಕರ ಹಕ್ಕು. ಆದರೆ ಕೇಳಲು ತಿಳಿಯದ ವೃದ್ಧರಿಗೂ, ಅಂಗಡಿಯ ಮುಂದೆ ಸಂಕೋಚದಿಂದ ನಿಲ್ಲುವ ಹೆಣ್ಣುಮಕ್ಕಳಿಗೂ ಅದೇ ಎಚ್ಚರಿಕೆ ಕೇಳದೆಯೇ ದೊರೆತಾಗ ಮಾತ್ರ ಈ ಕಾನೂನು ನಮ್ಮ ಗ್ರಾಮಗಳಲ್ಲಿ ಜಾರಿಯಾಯಿತೆಂದು ಹೇಳಬಹುದು.