ಗನ್ನಿಗಿಂತ ಮೊದಲು ಮ್ಯಾಪು ನೋಡಿ

ಬಿಜಿಎಂಐ ಆಡುವವರಿಗೆ ಒಂದು ಮಾತು. ಎಲ್ಲ ಮ್ಯಾಪಿನಲ್ಲೂ ಒಂದೇ ಆಟ ನಡೆಯುವುದಿಲ್ಲ. ಮಿರಾಮಾರ್ 8 ಕಿ.ಮೀ. ಉದ್ದ, ಅಷ್ಟೇ ಅಗಲದ ಮರುಭೂಮಿ. ಮರದ ಮರೆ ಕಡಿಮೆ, ಬಯಲೇ ಹೆಚ್ಚು. ದೂರದ ಸ್ಕೋಪೂ ಓಡಾಡಲು ಗಾಡಿಯೂ ಇಲ್ಲದವನು ಗುಡ್ಡದ ಮೇಲೆ ಕೂತವನಿಗೆ ಸುಲಭದ ತುತ್ತು. ಸಾನ್‌ಹಾಕ್ ವಿಸ್ತೀರ್ಣದಲ್ಲಿ ಅದರ ಕಾಲುಭಾಗ, ದಟ್ಟ ಹಸಿರು ಬೇರೆ. ಅಲ್ಲಿ ಎದುರಾಳಿ ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತಾನೆ. ಹತ್ತಿರದ ಹೊಡೆದಾಟಕ್ಕೆ ಎಸ್‌ಎಂಜಿ ಇರಲಿ, ಒಳ್ಳೆಯ ಇಯರ್‌ಫೋನೂ ಇರಲಿ.

ಮನೆಯೊಳಗೆ ಅಡಗಿ ಕೂತವರನ್ನು ಕ್ಯಾಂಪರ್ ಎಂದು ಬೈಯುತ್ತೇವಲ್ಲ, ನನ್ನನ್ನು ಕೇಳಿದರೆ ಅರ್ಧ ತಪ್ಪು ಮ್ಯಾಪಿನದು. ಮಹಡಿಗೆ ಒಂದೇ ಮೆಟ್ಟಿಲು ಕೊಟ್ಟರೆ ಯಾರು ತಾನೇ ಇಳಿದು ಬರುತ್ತಾರೆ? ನೀವೂ ಮೆಟ್ಟಿಲು ಹತ್ತಬೇಡಿ. ಮೊದಲು ಕಿಟಕಿಯೊಳಕ್ಕೆ ಗ್ರೆನೇಡ್ ಎಸೆಯಿರಿ.