ಪುಸ್ತಕದ ಅಂಗಡಿಗೆ ಹೋಗೋಣ ಬನ್ನಿ



ನಾವು ಅಕ್ಷರ ಕಲಿತೆವು. ಹೆಸರು ಬರೆಯಲು ಕಲಿತೆವು. ಬಸ್ಸಿನ ಬೋರ್ಡು ಓದಲು ಕಲಿತೆವು. 'ಹುಮನಾಬಾದ', 'ಬಸವಕಲ್ಯಾಣ' ಎಂದು ಓದಿ, ಯಾರನ್ನೂ ಕೇಳದೆ ಬಸ್ಸು ಹತ್ತುತ್ತೇವೆ. ಇದು ಸಣ್ಣ ಮಾತಲ್ಲ.

ಆದರೆ ಒಂದು ಮಾತು ನೆನಪಿಡಬೇಕು. ಕುಡುಗೋಲನ್ನು ಮೂಲೆಗೆ ಇಟ್ಟರೆ ತುಕ್ಕು ಹಿಡಿಯುತ್ತದೆ. ಅಕ್ಷರವೂ ಹಾಗೆಯೇ. ಓದದೆ ಬಿಟ್ಟರೆ ಮರೆತು ಹೋಗುತ್ತದೆ. ಮೊದಲು ಒತ್ತಕ್ಷರ ಮರೆಯುತ್ತದೆ. ಆಮೇಲೆ ಕಾಗುಣಿತ ಮರೆಯುತ್ತದೆ. ಕಡೆಗೆ ಮತ್ತೆ ಹೆಬ್ಬೆಟ್ಟು! ಕಷ್ಟಪಟ್ಟು ಕಲಿತ ಅಕ್ಷರ ಹಾಗೆ ಕಳೆದುಹೋಗಬಾರದು.

ಕಲಿಕಾ ಕೇಂದ್ರದ ಪುಸ್ತಕ ಮುಗಿಯಿತು. ಮುಂದೇನು ಓದೋಣ? ಪೇಟೆಯಲ್ಲಿ ಪುಸ್ತಕದ ಅಂಗಡಿ ಇರುತ್ತದೆ. ಅದರ ಮುಂದೆ ನಾವು ಎಷ್ಟೋ ಸಲ ಹೋಗಿದ್ದೇವೆ. ಬಳೆ ಅಂಗಡಿ ಹತ್ತುತ್ತೇವೆ. ಕಿರಾಣಿ ಅಂಗಡಿ ಹತ್ತುತ್ತೇವೆ. ಪುಸ್ತಕದ ಅಂಗಡಿ ಮಾತ್ರ ಹತ್ತುವುದಿಲ್ಲ. "ಅದು ಕಲಿತವರದು, ನಮಗ್ಯಾಕ?" ಅನ್ನುತ್ತೇವೆ. "ಏನು ಕೇಳಬೇಕು, ಹ್ಯಾಂಗ ಕೇಳಬೇಕು?" ಎಂದು ಅಂಜುತ್ತೇವೆ. "ರೊಕ್ಕ ಎಲ್ಲದ?" ಎಂದೂ ಅನ್ನುತ್ತೇವೆ.

ಈಗ ನಾವೂ ಕಲಿತವರೇ. ಅಂಜಿಕೆ ಬಿಡೋಣ. ರೊಕ್ಕದ ಮಾತನ್ನು ಲೆಕ್ಕ ಹಾಕಿ ನೋಡೋಣ.

ಅಂಗಡಿ ಮುಂದಿನ ಬೋರ್ಡು

ಹಬ್ಬದ ದಿನಗಳಲ್ಲಿ ಅಂಗಡಿಯವರು ಬೋರ್ಡು ಹಾಕುತ್ತಾರೆ. ಅದು ಹೀಗಿರುತ್ತದೆ. ಬೆರಳಿಟ್ಟು ಓದಿರಿ.

ಕನ್ನಡ ಹಬ್ಬದ ಕೊಡುಗೆ
ನವೆಂಬರ್ 1ರಿಂದ 30ರ ವರೆಗೆ
ಕನ್ನಡ ಪುಸ್ತಕಗಳಿಗೆ ಶೇಕಡಾ 20 ರಿಯಾಯಿತಿ
500 ರೂಪಾಯಿ ಖರೀದಿಗೆ ಒಂದು ಸಣ್ಣ ಪುಸ್ತಕ ಉಚಿತ
ದಾಸ್ತಾನು ಇರುವವರೆಗೆ ಮಾತ್ರ
ಪಠ್ಯಪುಸ್ತಕ, ಗೈಡುಗಳಿಗೆ ರಿಯಾಯಿತಿ ಇಲ್ಲ
ಪ್ರತಿ ಭಾನುವಾರ ಸಂಜೆ 4 ಗಂಟೆಗೆ ವಚನ ಓದು. ಎಲ್ಲರಿಗೂ ಸ್ವಾಗತ

ದೊಡ್ಡ ಅಕ್ಷರವನ್ನು ಎಲ್ಲರೂ ಓದುತ್ತಾರೆ. ನಾವು ಸಣ್ಣ ಅಕ್ಷರವನ್ನೂ ಓದಬೇಕು. ವಿಷಯ ಅಲ್ಲಿಯೇ ಅಡಗಿರುತ್ತದೆ.

'30ರ ವರೆಗೆ' ಅಂದರೆ ಡಿಸೆಂಬರ್ 1ಕ್ಕೆ ಹೋದರೆ ಪೂರ್ತಿ ಬೆಲೆ ಕೊಡಬೇಕು. 'ದಾಸ್ತಾನು ಇರುವವರೆಗೆ' ಅಂದರೆ ಪುಸ್ತಕ ತೀರಿದರೆ ಕೊಡುಗೆಯೂ ತೀರಿತು. ಆದ್ದರಿಂದ ಬೇಗ ಹೋಗಬೇಕು.

'ಪಠ್ಯಪುಸ್ತಕ' ಅಂದರೆ ಮಕ್ಕಳ ಶಾಲೆಯ ಪುಸ್ತಕ. ಅದಕ್ಕೆ ಇಲ್ಲಿ ರಿಯಾಯಿತಿ ಇಲ್ಲ. ಆದರೆ ಸರ್ಕಾರಿ ಶಾಲೆಯಲ್ಲಿ 1ರಿಂದ 10ನೇ ತರಗತಿಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಸಿಗುತ್ತದೆ. ಅದನ್ನು ಕೊಳ್ಳುವ ಮೊದಲು ಶಾಲೆಯಲ್ಲಿ ಕೇಳಿರಿ.

ಶೇಕಡಾ ಲೆಕ್ಕ

'ಶೇಕಡಾ 20' ಅಂದರೆ ನೂರಕ್ಕೆ ಇಪ್ಪತ್ತು. ನೂರು ರೂಪಾಯಿ ಪುಸ್ತಕಕ್ಕೆ ಇಪ್ಪತ್ತು ರೂಪಾಯಿ ಬಿಡುತ್ತಾರೆ. ನಾವು ಎಂಬತ್ತು ಕೊಡಬೇಕು.

ಪುಸ್ತಕದ ಬೆಲೆ 60 ರೂಪಾಯಿ ಇದ್ದರೆ? ಸುಲಭದ ದಾರಿ ಇದೆ. ಮೊದಲು ಹತ್ತನೇ ಒಂದು ಪಾಲು ನೋಡಿರಿ. 60ರಲ್ಲಿ ಹತ್ತನೇ ಒಂದು ಪಾಲು 6 ರೂಪಾಯಿ. ಇದು ಶೇಕಡಾ 10. ಶೇಕಡಾ 20 ಬೇಕೆಂದರೆ ಎರಡು ಸಲ 6, ಅಂದರೆ 12. 60ರಲ್ಲಿ 12 ಕಳೆದರೆ 48. ನಾವು ಕೊಡಬೇಕಾದದ್ದು 48 ರೂಪಾಯಿ.

ಈ ಲೆಕ್ಕ ಪುಸ್ತಕಕ್ಕೆ ಮಾತ್ರವಲ್ಲ. ಸೀರೆಗೆ, ಪಾತ್ರೆಗೆ, ಸಂಘದ ಸಾಲದ ಬಡ್ಡಿಗೂ ಬರುತ್ತದೆ. ಒಮ್ಮೆ ಕಲಿತರೆ ಬಾಳಿನ ತುಂಬ ಉಪಯೋಗ.

ಅಂಟಿಸಿದ ಚೀಟಿ ನೋಡಿರಿ

ಪುಸ್ತಕದ ಒಳಗೆ ಮೊದಲ ಪುಟಗಳಲ್ಲಿ, ಇಲ್ಲವೆ ಹಿಂದಿನ ರಟ್ಟಿನ ಮೇಲೆ ಬೆಲೆ ಅಚ್ಚಾಗಿರುತ್ತದೆ. ಕೆಲವು ಪುಸ್ತಕಗಳಿಗೆ ಅದರ ಮೇಲೆ ಬೇರೆ ಬೆಲೆಯ ಚೀಟಿ ಅಂಟಿಸಿರುತ್ತಾರೆ.

ಅಚ್ಚಾದ ಬೆಲೆ 60 ಎಂದುಕೊಳ್ಳೋಣ. ಚೀಟಿಯ ಮೇಲೆ 80 ಎಂದಿದೆ. 80ಕ್ಕೆ ಶೇಕಡಾ 20 ಬಿಟ್ಟರೆ 64 ಆಯಿತು. ನೋಡಿರಿ, ರಿಯಾಯಿತಿ ಸಿಕ್ಕರೂ ಅಚ್ಚಾದ ಬೆಲೆಗಿಂತ 4 ರೂಪಾಯಿ ಹೆಚ್ಚು ಕೊಟ್ಟೆವು!

ಕೆಲವು ಸಲ ಪ್ರಕಾಶಕರೇ ಬೆಲೆ ಏರಿಸಿ ಚೀಟಿ ಹಚ್ಚುತ್ತಾರೆ. ಎಲ್ಲ ಚೀಟಿಯೂ ಮೋಸವಲ್ಲ. ಆದರೆ ಕೇಳುವ ಹಕ್ಕು ನಮಗಿದೆ. ಮೆಲ್ಲಗೆ, ಸ್ಪಷ್ಟವಾಗಿ ಕೇಳಬೇಕು:

"ಅಣ್ಣಾ, ಒಳಗ ಅರವತ್ತು ಅಂತ ಅದ. ಹೊರಗ ಎಂಬತ್ತು ಅಂತ ಅದ. ಯಾವುದು ಖರೆ?"

ಇಷ್ಟು ಕೇಳಿದರೆ ಸಾಕು. ಈಕೆ ಓದಲು ಬಲ್ಲಳು ಎಂದು ಅಂಗಡಿಯವರಿಗೆ ತಿಳಿಯುತ್ತದೆ.

'ಉಚಿತ' ನಮಗೆ ಬೇಕೋ ಬೇಡವೋ?

500 ರೂಪಾಯಿ ಕೊಂಡರೆ ಒಂದು ಪುಸ್ತಕ ಉಚಿತ. ನಮಗೆ ಬೇಕಾದದ್ದು 100 ರೂಪಾಯಿಯ ಒಂದೇ ಪುಸ್ತಕ. ಉಚಿತ ಪುಸ್ತಕದ ಆಸೆಗೆ ಇನ್ನೂ 400 ರೂಪಾಯಿ ಖರ್ಚು ಮಾಡಬೇಕೆ? ಆ ರೊಕ್ಕ ಮನೆಯ ಸಂತೆಯ ರೊಕ್ಕ.

ಇಲ್ಲಿ ನಮ್ಮ ಕಲ್ಯಾಣದ ಒಬ್ಬ ತಾಯಿಯನ್ನು ನೆನೆಯೋಣ. ಆಕೆಯ ಹೆಸರು ಆಯ್ದಕ್ಕಿ ಲಕ್ಕಮ್ಮ. 12ನೇ ಶತಮಾನದಲ್ಲಿ ಗಂಡ ಮಾರಯ್ಯನ ಜೊತೆ ಕಲ್ಯಾಣಕ್ಕೆ ಬಂದಳು. ಮಾರಯ್ಯ ನೆಲದ ಮೇಲೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ಇದು ನಮಗೆ ಬೇಡ, ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಬೇಕಾದಷ್ಟು ಸಾಕು, ಮಿಕ್ಕಿದ್ದು ಆಸೆ ಎಂದು ಆಕೆ ತಿಳಿದಿದ್ದಳು. 'ಉಚಿತ' ಎಂಬ ಬೋರ್ಡು ಕಂಡಾಗ ಲಕ್ಕಮ್ಮನನ್ನು ನೆನೆದರೆ ಕೈಯ ರೊಕ್ಕ ಉಳಿಯುತ್ತದೆ.

ಆದರೆ ಇನ್ನೊಂದು ದಾರಿಯೂ ಇದೆ. ಐದು ಮಂದಿ ಕೂಡಿ ಹೋಗೋಣ. ಒಬ್ಬೊಬ್ಬರಿಗೆ 100 ರೂಪಾಯಿಯ ಒಂದೊಂದು ಪುಸ್ತಕ. ಒಟ್ಟು 500 ಆಯಿತು. ಶೇಕಡಾ 20 ಕಳೆದರೆ 400. ಒಬ್ಬೊಬ್ಬರಿಗೆ 80 ರೂಪಾಯಿ ಬಿತ್ತು. ಮೇಲೆ ಸಿಕ್ಕ ಉಚಿತ ಪುಸ್ತಕ ಐವರದೂ ಆಯಿತು. ಓದಿದ ಮೇಲೆ ಅದಲು ಬದಲು ಮಾಡಿಕೊಂಡರೆ ಒಬ್ಬೊಬ್ಬರಿಗೂ ಆರು ಪುಸ್ತಕ ಓದಲು ಸಿಕ್ಕವು. ಒಗ್ಗಟ್ಟಿನ ಲಾಭ ಅಂದರೆ ಇದು.

ಹೋಗುವ ಮೊದಲು ಒಂದು ಮಾತು ಕೇಳಿರಿ. "500 ರೂಪಾಯಿ ಅಂದರ ರಿಯಾಯಿತಿ ಕಳೆಯೋಕಿಂತ ಮೊದಲೋ, ಕಳೆದ ಮ್ಯಾಲೋ?" ಕಳೆದ ಮೇಲೆ ಎಂದರೆ ನಮ್ಮ 400ಕ್ಕೆ ಉಚಿತ ಪುಸ್ತಕ ಸಿಗುವುದಿಲ್ಲ.

ಯಾವಾಗ ಹೋಗಬೇಕು?

ವರ್ಷದಲ್ಲಿ ಕೆಲವು ದಿನ ಪುಸ್ತಕಕ್ಕೆ ಒಳ್ಳೆಯ ದಿನ.

ನವೆಂಬರ್ 1 ಕನ್ನಡ ರಾಜ್ಯೋತ್ಸವ. 1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಸೀಮೆಗಳು ಒಂದಾದವು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಬೀದರ ಸೀಮೆಯೂ ಕೂಡಿತು. ಅದರ ನೆನಪಿಗೆ ನವೆಂಬರ್ ತಿಂಗಳಲ್ಲಿ ಅನೇಕ ಅಂಗಡಿಗಳು ಕನ್ನಡ ಪುಸ್ತಕಗಳ ಬೆಲೆ ಇಳಿಸುತ್ತವೆ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರವೂ ಈ ತಿಂಗಳಲ್ಲಿ ತನ್ನ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರಿದ್ದುಂಟು. ಅದೇ ತಿಂಗಳು ಬಸವಕಲ್ಯಾಣದಲ್ಲಿ ಶರಣ ಕಮ್ಮಟ, ಅನುಭವ ಮಂಟಪ ಉತ್ಸವ ನಡೆಯುತ್ತದೆ.

ಡಿಸೆಂಬರ್ ಸುಮಾರಿಗೆ ಹುಮನಾಬಾದ ಹತ್ತಿರದ ಮಾಣಿಕನಗರದಲ್ಲಿ ದತ್ತ ಜಯಂತಿಯ ಜಾತ್ರೆ. ಜನವರಿಯಲ್ಲಿ ಹುಮನಾಬಾದ ವೀರಭದ್ರೇಶ್ವರ ಜಾತ್ರೆ. ಜಾತ್ರೆಗೆ ಹೋದಾಗ ಬೆಂಡು ಬತ್ತಾಸು ಕೊಳ್ಳುತ್ತೇವೆ. ಜೊತೆಗೆ ಒಂದು ಸಣ್ಣ ಪುಸ್ತಕವನ್ನೂ ಹುಡುಕೋಣ. ಮಕ್ಕಳಿಗೆ ಪೀಪಿ ಎರಡು ದಿನ, ಪುಸ್ತಕ ಎಷ್ಟೋ ದಿನ.

ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಬೇಸಿಗೆಯಲ್ಲಿ ಬಸವ ಜಯಂತಿ. ಸೆಪ್ಟೆಂಬರ್ 8 ಅಂತರರಾಷ್ಟ್ರೀಯ ಸಾಕ್ಷರತಾ ದಿನ. ಇದು ನಮ್ಮದೇ ದಿನ. ಅಂದು ಅಂಗಡಿಗೆ ಹೋಗಿ ಧೈರ್ಯವಾಗಿ ಕೇಳೋಣ: "ನಾವು ಹೊಸದಾಗಿ ಓದಲಿಕ್ಕ ಕಲಿತೀವ್ರಿ. ದೊಡ್ಡ ಅಕ್ಷರದ ಪುಸ್ತಕ ತೋರಸ್ರಿ. ಇವತ್ತ ಏನರೆ ಬಿಡತೀರೇನು?"

ಹೋಗುವ ದಾರಿ ಖರ್ಚಿನ ಚಿಂತೆ ಬೇಡ. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತವಾಗಿದೆ. ಗುರುತಿನ ಚೀಟಿ ಜೊತೆಗಿರಲಿ.

ಭಾನುವಾರದ ಓದು

ಬೋರ್ಡಿನ ಕೊನೆಯ ಸಾಲು ಮತ್ತೆ ಓದಿರಿ. 'ವಚನ ಓದು. ಎಲ್ಲರಿಗೂ ಸ್ವಾಗತ.' ಇಂಥ ಕಾರ್ಯಕ್ರಮಕ್ಕೆ ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಹೋಗಿ ಕೂಡಬಹುದು. ಕೇಳಬಹುದು. ಅರ್ಥವಾಗದ ಮಾತನ್ನು ಪ್ರಶ್ನೆ ಮಾಡಬಹುದು. ನಮ್ಮ ಸರದಿ ಬಂದರೆ ನಾಲ್ಕು ಸಾಲು ಓದಲೂಬಹುದು. ತಡವರಿಸಿದರೆ ನಾಚಿಕೆ ಬೇಡ.

ಕಲ್ಯಾಣದ ನೆಲಕ್ಕೆ ಇದು ಹೊಸದಲ್ಲ. ಇಲ್ಲಿಯ ಅನುಭವ ಮಂಟಪದಲ್ಲಿ ಗಂಡಸರ ಸರಿಸಮ ಹೆಂಗಸರು ಕೂತು ಮಾತಾಡಿದರು. ಅಕ್ಕಮಹಾದೇವಿ, ಅಕ್ಕ ನಾಗಮ್ಮ, ನೀಲಾಂಬಿಕೆ, ಸತ್ಯಕ್ಕ ವಚನ ಹೇಳಿದರು. ಅಂಥ ಅಕ್ಕಂದಿರ ಊರಿನಲ್ಲಿ ನಾವು ಪುಸ್ತಕದ ಅಂಗಡಿಗೆ ಅಂಜಿದರೆ ಹೇಗೆ?

ಪುಸ್ತಕಕ್ಕಾಗಿ ಬೆವರು ಸುರಿಸಿದವರು

ನಮ್ಮ ಕೈಗೆ ಪುಸ್ತಕ ಸುಮ್ಮನೆ ಬಂದಿಲ್ಲ.

ಗಳಗನಾಥರು ಎಂಬ ಹಿರಿಯರಿದ್ದರು. 1869ರಲ್ಲಿ ಹುಟ್ಟಿದವರು. ಕನ್ನಡದಲ್ಲಿ ಕಾದಂಬರಿ ಬರೆದರು. ಕೊಳ್ಳುವವರು ಅಂಗಡಿಗೆ ಬರದಿದ್ದಾಗ ತಾವೇ ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು.

ವಿಜಯಪುರದಲ್ಲಿ ಫ.ಗು. ಹಳಕಟ್ಟಿ ಎಂಬ ವಕೀಲರಿದ್ದರು. ವಚನಗಳ ಹಳೆಯ ತಾಳೆಗರಿ ಹುಡುಕಿದರು. 1923ರಲ್ಲಿ 'ವಚನಶಾಸ್ತ್ರ ಸಾರ' ಎಂಬ ಪುಸ್ತಕ ಹೊರತಂದರು. ವಚನ ಅಚ್ಚು ಹಾಕುವ ಕೆಲಸಕ್ಕೆ ಸ್ವಂತ ಮನೆಯನ್ನೇ ಮಾರಿದರು. ಇಂದು ನಾವು ಕೆಲವೇ ರೂಪಾಯಿಗೆ ವಚನದ ಪುಸ್ತಕ ಕೊಳ್ಳುತ್ತೇವೆ. ಅದರ ಹಿಂದೆ ಒಂದು ಮನೆಯ ಬೆಲೆ ಇದೆ.

ಇನ್ನೊಬ್ಬರು ನಮ್ಮ ಬಸವಕಲ್ಯಾಣದ ತಾಯಿ, ಜಯದೇವಿತಾಯಿ ಲಿಗಾಡೆ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡ ಓದು ಬರಹವನ್ನು ಆಮೇಲೆ ತಾವಾಗಿಯೇ ಕಲಿತರು. ಹಾಗೆ ಕಲಿತ ಕನ್ನಡದಲ್ಲಿ ಸಿದ್ಧರಾಮೇಶ್ವರರ ಮೇಲೆ ದೊಡ್ಡ ಪುರಾಣವನ್ನೇ ಬರೆದರು. ವಚನಗಳನ್ನು ಮರಾಠಿಗೆ ತಂದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರೇ. ಕೊನೆಯ ದಿನಗಳನ್ನು ಬಸವಕಲ್ಯಾಣದಲ್ಲಿ ಕಳೆದು 1986ರಲ್ಲಿ ತೀರಿಕೊಂಡರು.

ತಡವಾಗಿ ಕಲಿತರೇನು? ಕಲಿತದ್ದನ್ನು ಬಿಡದೆ ಬೆಳೆಸಿದರು. ನಮ್ಮ ಮನೆಯಲ್ಲಿ ಮರಾಠಿ ಇರಲಿ, ಉರ್ದು ಇರಲಿ, ಲಂಬಾಣಿ ಇರಲಿ, ನಾವೂ ಹಾಗೆ ಬೆಳೆಯಬಹುದು.

ಕೊಳ್ಳುವಾಗ ಐದು ಮಾತು

1. ಪುಸ್ತಕ ತೆರೆದು ಒಂದು ಪುಟ ಓದಿ ನೋಡಿರಿ. ಅಕ್ಷರ ದೊಡ್ಡದಿದೆಯೆ? ಅರ್ಥವಾಗುತ್ತದೆಯೆ? ಆಗದಿದ್ದರೆ ಬೇರೆ ಕೇಳಿರಿ.
2. ಪುಟದ ಅಂಕಿ ಸಾಲಾಗಿ ಇವೆಯೆ ನೋಡಿರಿ. ಹರಿದ, ಖಾಲಿ ಪುಟ ಇದ್ದರೆ ಬದಲಿಸಿಕೊಳ್ಳಿರಿ.
3. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ತೆರಿಗೆ ಇಲ್ಲ. ಬಿಲ್ಲಿನಲ್ಲಿ ಪುಸ್ತಕದ ಮೇಲೆ ತೆರಿಗೆ ಹಾಕಿದ್ದರೆ ಕೇಳಿರಿ.
4. ಬಿಲ್ಲು ಪಡೆಯಿರಿ. ಬಿಲ್ಲು ಇದ್ದರೆ ಬದಲಿಸಲು ಸುಲಭ. ಫೋನಿನಿಂದ ರೊಕ್ಕ ಕಳಿಸುವಾಗ ಸೊನ್ನೆ ಎಣಿಸಿರಿ. 80 ಕೊಡಬೇಕಾದಲ್ಲಿ 800 ಆಗಬಾರದು.
5. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ರೊಕ್ಕ ಇಲ್ಲದಿದ್ದರೆ?

ರೊಕ್ಕ ಇಲ್ಲವೆಂದು ಓದು ನಿಲ್ಲಬಾರದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎನ್ನುತ್ತಾರೆ. ಅಲ್ಲಿ ಕೂತು ಓದಲು ರೊಕ್ಕ ಕೊಡಬೇಕಿಲ್ಲ. ಹಳೆಯ ಪುಸ್ತಕ ಮಾರುವ ಅಂಗಡಿಗಳಲ್ಲಿ ಕಡಿಮೆ ಬೆಲೆಗೂ ಸಿಗುತ್ತವೆ. ನಮ್ಮ ಸಂಘದಲ್ಲಿ ವಾರಕ್ಕೆ ಒಬ್ಬೊಬ್ಬರು 5 ರೂಪಾಯಿ ಹಾಕಿದರೆ, ಹತ್ತು ಮಂದಿಗೆ ತಿಂಗಳಿಗೆ 200 ರೂಪಾಯಿ ಆಗುತ್ತದೆ. ವರ್ಷ ತುಂಬುವುದರಲ್ಲಿ ನಮ್ಮದೇ ಒಂದು ಪುಸ್ತಕದ ಪೆಟ್ಟಿಗೆ ತುಂಬುತ್ತದೆ.

ಹೊಸ ಪದಗಳು

ರಿಯಾಯಿತಿ: ಬೆಲೆಯಲ್ಲಿ ಬಿಡುವ ಭಾಗ
ಶೇಕಡಾ: ನೂರಕ್ಕೆ ಇಷ್ಟು
ದಾಸ್ತಾನು: ಅಂಗಡಿಯಲ್ಲಿ ಇರುವ ಸರಕು
ಉಚಿತ: ರೊಕ್ಕ ಇಲ್ಲದೆ ಸಿಗುವುದು
ಗ್ರಾಹಕ: ಕೊಳ್ಳುವವರು
ಪ್ರಕಾಶಕ: ಪುಸ್ತಕ ಅಚ್ಚು ಹಾಕಿಸಿ ಹೊರತರುವವರು

ಲೆಕ್ಕ ಮಾಡಿರಿ

1. ಪುಸ್ತಕದ ಬೆಲೆ 80 ರೂಪಾಯಿ. ಶೇಕಡಾ 10 ರಿಯಾಯಿತಿ. ಎಷ್ಟು ಕೊಡಬೇಕು?
2. ಪುಸ್ತಕದ ಬೆಲೆ 40 ರೂಪಾಯಿ. ಅರ್ಧ ಬೆಲೆಗೆ ಮಾರಾಟ. ಎಷ್ಟು ಉಳಿಯಿತು?
3. 150 ರೂಪಾಯಿ ಪುಸ್ತಕಕ್ಕೆ ಶೇಕಡಾ 20 ರಿಯಾಯಿತಿ. ಮೂವರು ಕೂಡಿ ಕೊಂಡರು. ಒಬ್ಬೊಬ್ಬರಿಗೆ ಎಷ್ಟು ಬಿತ್ತು?

(ಉತ್ತರ: 1. 72 ರೂಪಾಯಿ 2. 20 ರೂಪಾಯಿ 3. 40 ರೂಪಾಯಿ)

ಕೂಡಿ ಮಾತಾಡಿರಿ

1. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಯಾಕೆ ಬೇಡವೆಂದಳು?
2. 'ಉಚಿತ' ಎಂಬ ಆಸೆಗೆ ನೀವು ಬೇಡದ ಸಾಮಾನು ತಂದದ್ದುಂಟೆ?
3. ನಿಮ್ಮ ಸಂಘದ ಪೆಟ್ಟಿಗೆಗೆ ಮೊದಲು ಯಾವ ಪುಸ್ತಕ ತರುತ್ತೀರಿ? ಯಾಕೆ?

ಮಾಡಿ ನೋಡಿರಿ

ಮುಂದಿನ ಸಂತೆಯ ದಿನ ಇಬ್ಬರು ಮೂವರು ಕೂಡಿ ಪೇಟೆಗೆ ಹೋಗಿರಿ. ಯಾವುದಾದರೂ ಒಂದು ಅಂಗಡಿಯ ರಿಯಾಯಿತಿ ಬೋರ್ಡನ್ನು ಪೂರ್ತಿ ಓದಿರಿ. ಸಣ್ಣ ಅಕ್ಷರವನ್ನು ಬಿಡಬೇಡಿರಿ. ಪಾಟಿಯ ಮೇಲೆ ಬರೆದುಕೊಂಡು ಬಂದು ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿರಿ.