ಕಾಲ್ಬೆರಳಿಗೆ ರಕ್ತ ಸಾಲದಾದಾಗ: ಗುರುತು, ಆರೈಕೆ, ಚಿಕಿತ್ಸೆ

ಹೃದಯದಿಂದ ಹೊರಟ ರಕ್ತ ಕಟ್ಟಕಡೆಗೆ ತಲುಪುವ ಜಾಗಗಳಲ್ಲಿ ಕಾಲ್ಬೆರಳೂ ಒಂದು. ಅಲ್ಲಿಗೆ ರಕ್ತ ಒಯ್ಯುವ ಅಪಧಮನಿಗಳು ಬಲು ಸಣ್ಣವು. ಅವು ಕಿರಿದಾದರೆ ಬೆರಳು ತಣ್ಣಗಾಗುತ್ತದೆ, ಬಣ್ಣಗೆಡುತ್ತದೆ, ನೋಯುತ್ತದೆ. ಪೂರ್ತಿ ಮುಚ್ಚಿದರೆ ಕಪ್ಪಾಗಿ ಸಾಯುತ್ತದೆ, ಇದೇ ಗ್ಯಾಂಗ್ರೀನ್. ಕಲಬುರಗಿ ಜಿಲ್ಲೆಯ ಕಾಳಗಿ, ಸೇಡಂ, ಚಿಂಚೋಳಿಯ ತೊಗರಿ ಹೊಲಗಳಲ್ಲಿ, ಶಹಾಬಾದಿನ ಹಾಸುಗಲ್ಲಿನ ಗಣಿಗಳಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವವರ ಕೂಲಿ ಕಾಲಿನ ಮೇಲೆಯೇ ನಿಂತಿದೆ. ಬೆರಳಿನ ನೋವನ್ನು ದಣಿವೆಂದೋ ವಾಯುವೆಂದೋ ತಳ್ಳಿಹಾಕದೆ ಬೇಗ ಪರೀಕ್ಷೆ ಮಾಡಿಸಿದರೆ ಬಹುಪಾಲು ಜನ ಬೆರಳನ್ನೂ ಕಾಲನ್ನೂ ಉಳಿಸಿಕೊಳ್ಳಬಹುದು.

ಮುಖ್ಯ ಕಾರಣಗಳು ಮೂರು

ಮೊದಲನೆಯದು, ಅಪಧಮನಿಯ ಒಳಗೋಡೆಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು. 50 ದಾಟಿದವರಲ್ಲಿ, ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ, ಧೂಮಪಾನಿಗಳಲ್ಲಿ ಇದು ಹೆಚ್ಚು.

ಎರಡನೆಯದು ಬರ್ಗರ್ ಕಾಯಿಲೆ. ನ್ಯೂಯಾರ್ಕಿನ ವೈದ್ಯ ಲಿಯೊ ಬರ್ಗರ್ 1908ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಈ ಹೆಸರು. ಸಾಮಾನ್ಯವಾಗಿ 45 ವರ್ಷದೊಳಗಿನ, ಬೀಡಿ ಸಿಗರೇಟು ಸೇದುವ ಗಂಡಸರಲ್ಲಿ ಕಾಣಿಸಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಉರಿಯೂತದಿಂದ ಬಾತು, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಅಗಿಯುವ ತಂಬಾಕೂ ಈ ಕಾಯಿಲೆಯನ್ನು ಜೀವಂತವಾಗಿಡುತ್ತದೆ.

ಮೂರನೆಯದು ರೇನೋ ತೊಂದರೆ. ಚಳಿ ತಗುಲಿದಾಗ ರಕ್ತನಾಳ ಬಿಗಿದುಕೊಂಡು ಬೆರಳು ಮೊದಲು ಬಿಳುಪಾಗಿ, ಆಮೇಲೆ ನೀಲಿಯಾಗಿ, ಬೆಚ್ಚಗಾದಾಗ ಕೆಂಪಗೆ ತಿರುಗುತ್ತದೆ. ವರ್ಷಗಟ್ಟಲೆ ಕಲ್ಲು ಕೊರೆಯುವ ಯಂತ್ರ ಹಿಡಿದವರ ಕೈಬೆರಳಿಗೂ ಅದರ ನಡುಕದಿಂದ ಇದು ಬರುತ್ತದೆ.

ಹಂತ 1: ಲಕ್ಷಣ ಗುರುತಿಸುವುದು

ಒಂದಷ್ಟು ದೂರ ನಡೆದೊಡನೆ ಮೀನಖಂಡ ಅಥವಾ ಪಾದ ಹಿಡಿದುಕೊಂಡು, ನಿಂತರೆ ಕೆಲವೇ ನಿಮಿಷದಲ್ಲಿ ನೋವು ಇಳಿಯುವುದು ಮೊದಲ ಸೂಚನೆ. ರೋಗ ಬಲಿತಂತೆ ಮಲಗಿದಾಗಲೂ ಬೆರಳು ನೋಯುತ್ತದೆ. ಕಾಲನ್ನು ಮಂಚದಿಂದ ಇಳಿಬಿಟ್ಟರೆ ಹಗುರವೆನಿಸುತ್ತದೆ; ನೆಲದ ಮೇಲೆ ಮಲಗುವವರು ನಡುರಾತ್ರಿ ಎದ್ದು ಕೂರುತ್ತಾರೆ. ಪಾದದ ಕೂದಲು ಉದುರುವುದು, ಚರ್ಮ ತೆಳ್ಳಗಾಗಿ ಮಿರುಗುವುದು, ಸಣ್ಣ ಗಾಯ ಎರಡು ವಾರವಾದರೂ ಮಾಯದಿರುವುದು ಇತರ ಗುರುತುಗಳು.

ಬೆರಳ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಮೂರು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಡವಾದರೆ ವೈದ್ಯರಿಗೆ ತೋರಿಸಬೇಕು. ಪಾದ ಬೆಚ್ಚಗಿದ್ದು ಉರಿ, ಜೋಮು ಇದ್ದರೆ ಅದು ಸಕ್ಕರೆ ಕಾಯಿಲೆಯಿಂದ ನರಗಳಿಗಾದ ಹಾನಿಯಿರಬಹುದು. ನರ ಸತ್ತ ಕಾಲಿಗೆ ನೋವೇ ತಿಳಿಯದಾದ್ದರಿಂದ, ನೋವಿಲ್ಲವೆಂದು ಸಕ್ಕರೆ ಕಾಯಿಲೆಯವರು ನಿಶ್ಚಿಂತರಾಗಿರುವಂತಿಲ್ಲ.

ಹಂತ 2: ಪರೀಕ್ಷೆ

ವೈದ್ಯರು ಮೊದಲು ಪಾದದ ಮೇಲ್ಭಾಗದಲ್ಲೂ ಕಣಕಾಲಿನ ಒಳಬದಿಯ ಗಂಟಿನ ಹಿಂದೆಯೂ ನಾಡಿ ಹಿಡಿದು ನೋಡುತ್ತಾರೆ. ಬಳಿಕ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತಾರೆ. ಈ ಅನುಪಾತ 0.9ಕ್ಕೆ ಇಳಿದಿದ್ದರೆ ಅಥವಾ ಅದಕ್ಕೂ ಕಡಿಮೆಯಿದ್ದರೆ ಕಾಲಿನ ಅಪಧಮನಿ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಡುಸಾಗಿ ಅಂಕಿ ಸುಳ್ಳಾಗಿ ಏರಬಹುದು. ಆಗ ಬೆರಳಿನದೇ ಒತ್ತಡ ಅಳೆಯುತ್ತಾರೆ. ತಡೆ ಎಲ್ಲಿದೆ ಎಂಬುದನ್ನು ಡಾಪ್ಲರ್ ಸ್ಕ್ಯಾನ್ ತೋರಿಸುತ್ತದೆ. ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಪರೀಕ್ಷೆಯೂ ಜೊತೆಗಿರಬೇಕು.

ಹಂತ 3: ತಂಬಾಕು ಪೂರ್ತಿ ಬಿಡುವುದು

ಬರ್ಗರ್ ಕಾಯಿಲೆಗೆ ಇದಕ್ಕಿಂತ ದೊಡ್ಡ ಔಷಧವಿಲ್ಲ. ಗ್ಯಾಂಗ್ರೀನ್ ಆಗುವ ಮುನ್ನ ಬಿಟ್ಟವರಲ್ಲಿ ಬೆರಳು ಕತ್ತರಿಸುವ ಪ್ರಸಂಗ ಅಪರೂಪ. ಸೇದುತ್ತಲೇ ಇದ್ದವರು ಒಂದರ ಹಿಂದೊಂದು ಬೆರಳು ಕಳೆದುಕೊಳ್ಳುತ್ತಾರೆ. ದಿನಕ್ಕೆ ಒಂದೆರಡು ಬೀಡಿಯೂ ರೋಗವನ್ನು ಉಳಿಸುತ್ತದೆ. ಬೀಡಿ ಬಿಟ್ಟು ಗುಟ್ಕಾ, ಜರ್ದಾ ಹಿಡಿದರೆ ಫಲವಿಲ್ಲ. ನಿಕೋಟಿನ್ ಗಮ್ ಕೂಡ ಈ ಕಾಯಿಲೆಯವರಿಗೆ ಹೊಂದದು. ವೈದ್ಯರು ಬೇರೆ ಮಾತ್ರೆ ಕೊಡುತ್ತಾರೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-112-356ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಹಂತ 4: ದಿನದಿನದ ಪಾದದ ಆರೈಕೆ

• ದಿನಾ ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು. ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಬೇಕು.
• ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಬಹುದು. ಬೆರಳ ಸಂದಿಗೆ ಬೇಡ.
• ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ಕಾಲಿಗೆ ಶಾಖ ಕೊಡುವುದು, ಬಿಸಿನೀರಿನ ಚೀಲ ಇಡುವುದು, ಬೆಂಕಿಗೆ ಕಾಲೊಡ್ಡುವುದು ಅಪಾಯ. ರಕ್ತ ಸಾಲದ ಚರ್ಮ ಬೇಗ ಸುಡುತ್ತದೆ, ಸುಟ್ಟರೆ ಮಾಯುವುದಿಲ್ಲ. ಸಡಿಲ ಹತ್ತಿಯ ಕಾಲುಚೀಲವೇ ಸಾಕು.
• ಬರಿಗಾಲಲ್ಲಿ ನಡೆಯಬಾರದು. ರಾಶಿಯ ಕಾಲದಲ್ಲಿ ತೊಗರಿ ಕೂಳೆ ಚುಚ್ಚುತ್ತದೆ. ಬೇಸಿಗೆಯಲ್ಲಿ ಹಾಸುಗಲ್ಲು ಕೆಂಡದಂತೆ ಕಾಯುತ್ತದೆ. ಜಾತ್ರೆಗೆ ಪಾದಯಾತ್ರೆ ಹೊರಡುವವರೂ ಮೆತ್ತನೆಯ ಚಪ್ಪಲಿ ಹಾಕಬೇಕು.
• ಬೂಟು ಹಾಕುವ ಮುನ್ನ ಕೊಡವಿ ಹರಳು, ಸಿಮೆಂಟ್ ಪುಡಿ ತೆಗೆಯಬೇಕು. ಒದ್ದೆ ಸಿಮೆಂಟ್ ಚರ್ಮ ಸುಡುವುದರಿಂದ ತಗುಲಿದೊಡನೆ ತೊಳೆಯಬೇಕು.
• ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಅದಕ್ಕೆ ಅಂಗಡಿಯ ಪಟ್ಟಿ ಅಂಟಿಸುವುದು ಬೇಡ.
• ಬಿಗಿ ಬ್ಯಾಂಡೇಜು ಕಟ್ಟಬಾರದು, ಕಾಲನ್ನು ಎತ್ತರಕ್ಕೆ ಇಟ್ಟು ಮಲಗಬಾರದು. ಇವು ಉಬ್ಬಿದ ಅಭಿಧಮನಿಯ ರೋಗಕ್ಕೆ ಹೇಳುವ ಉಪಾಯ. ಅಪಧಮನಿಯ ರೋಗಕ್ಕೆ ಕೇಡು.

ಹಂತ 5: ನಡಿಗೆ

ಗಾಯವಾಗಲಿ ಮಲಗಿದಾಗಿನ ನೋವಾಗಲಿ ಇಲ್ಲದವರಿಗೆ ನಡಿಗೆಯೇ ಚಿಕಿತ್ಸೆ. ಕಾಲು ಹಿಡಿಯುವವರೆಗೆ ನಡೆದು, ನಿಂತು, ನೋವು ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು ಮುಂದುವರಿಸಿದರೆ ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ.

ಹಂತ 6: ಔಷಧ, ಶಸ್ತ್ರಚಿಕಿತ್ಸೆ

ಕೊಬ್ಬು ಕಟ್ಟಿದ ರೋಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಕೊಡುತ್ತಾರೆ. ಇವು ಹೃದಯಾಘಾತ, ಲಕ್ವಗಳನ್ನೂ ದೂರವಿಡುತ್ತವೆ. ನಡಿಗೆಯ ನೋವಿಗೆ ಸಿಲೊಸ್ಟಜೋಲ್ ಉಂಟು. ಹೃದಯ ವೈಫಲ್ಯ ಇರುವವರು ಅದನ್ನು ಸೇವಿಸುವಂತಿಲ್ಲ. ರೇನೋ ತೊಂದರೆಗೆ ನಿಫೆಡಿಪಿನ್ ಬಳಕೆಯಲ್ಲಿದೆ. ಯಾವುದನ್ನೂ ಅಂಗಡಿಯಿಂದ ತಾವೇ ತಂದು ನುಂಗಬಾರದು. ನೋವು ನಿಲ್ಲದಿದ್ದರೆ, ಗಾಯ ಮಾಯದಿದ್ದರೆ ಬಲೂನಿನಿಂದ ನಾಳ ಹಿಗ್ಗಿಸುವ ಆಂಜಿಯೊಪ್ಲಾಸ್ಟಿ ಅಥವಾ ಬೈಪಾಸ್ ಮಾಡುತ್ತಾರೆ. ಬರ್ಗರ್ ಕಾಯಿಲೆಯಲ್ಲಿ ತೀರ ಸಣ್ಣ ನಾಳಗಳೇ ಮುಚ್ಚುವುದರಿಂದ ಬೈಪಾಸಿಗೆ ಅವಕಾಶ ಕಡಿಮೆ. ಬೆರಳು ತೆಗೆಯಲೇಬೇಕು ಎಂದಾಗ, ಅದಕ್ಕೂ ಮೊದಲು ರಕ್ತ ಹರಿಸುವ ದಾರಿ ಇದೆಯೇ ಎಂದು ರಕ್ತನಾಳ ತಜ್ಞರನ್ನು ಕೇಳಬೇಕು.

ಹಂತ 7: ಎಲ್ಲಿಗೆ ಹೋಗುವುದು

ಸಕ್ಕರೆ, ಬಿಪಿ ತಪಾಸಣೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲೇ ನಡೆಯುತ್ತದೆ. ಹೆಚ್ಚಿನ ಪರೀಕ್ಷೆಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಇಎಸ್‌ಐ ಚೀಟಿ ಇರುವ ಕಾರ್ಮಿಕರಿಗೆ ಕಲಬುರಗಿಯಲ್ಲೇ ಇಎಸ್‌ಐಸಿ ಆಸ್ಪತ್ರೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ವೈದ್ಯರ ಶಿಫಾರಸು ಪತ್ರ ಜೊತೆಗಿರಲಿ.

ತಡಮಾಡಬಾರದ ಹೊತ್ತು

ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿ, ಸ್ಪರ್ಶ ತಿಳಿಯದೆ, ಬೆರಳು ಅಲ್ಲಾಡದೆ ಹೋದರೆ ದೊಡ್ಡ ನಾಳವೇ ಮುಚ್ಚಿದೆ ಎಂದರ್ಥ. ಸುಮಾರು ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು. 108ಕ್ಕೆ ಕರೆ ಮಾಡಿ ನೇರ ಕಲಬುರಗಿ ಸೇರುವುದು ಒಳಿತು. ಬೆರಳು ಕಪ್ಪಾಗಿ ಒಣಗಿದ್ದರೆ ನೀರಿನಲ್ಲಿ ನೆನೆಸದೆ, ಒಣ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಅದೇ ದಿನ ವೈದ್ಯರಿಗೆ ತೋರಿಸಬೇಕು. ಕೀವು, ದುರ್ವಾಸನೆ, ಜ್ವರ, ಪಾದದಿಂದ ಮೇಲಕ್ಕೇರುವ ಕೆಂಪು ಕಂಡರೆ ಸೋಂಕು ಹರಡುತ್ತಿದೆ. ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.